ರೆಡಿಸ್ ಪರವಾನಗಿ ಬದಲಾಯಿತಲ್ಲ, ನಾವು ಹಣ ಕೊಡಬೇಕೇ?

ನಿಮ್ಮದೇ ಆ್ಯಪ್‌ನ ಹಿಂದೆ ರೆಡಿಸ್ (ದತ್ತಾಂಶವನ್ನು ಮೆಮೊರಿಯಲ್ಲಿಟ್ಟು ಬೇಗ ಒದಗಿಸುವ ತಂತ್ರಾಂಶ) ಓಡಿಸುತ್ತಿದ್ದರೆ ಕೊಡಬೇಕಾಗಿಲ್ಲ. 2024ರ ಮಾರ್ಚ್‌ನಲ್ಲಿ ರೆಡಿಸ್ ಕಂಪನಿ, ಹೆಚ್ಚು ಷರತ್ತಿಲ್ಲದ ಬಿಎಸ್‌ಡಿ ಎಂಬ ಮುಕ್ತ ಪರವಾನಗಿಯನ್ನು ಕೈಬಿಟ್ಟದ್ದು 7.4ನೇ ಆವೃತ್ತಿಯಿಂದ ಮುಂದಕ್ಕೆ ಮಾತ್ರ. ಹಿಂದಿನವು ಹಳೆಯ ಷರತ್ತಿನಲ್ಲೇ ಇವೆ.

ಕಂಪನಿಯ ಸಿಟ್ಟು ಇದ್ದದ್ದು ನಿಮ್ಮ ಮೇಲಲ್ಲ, ರೆಡಿಸ್ಸನ್ನೇ ಸೇವೆಯಾಗಿ ಮಾರಿ ಲಾಭ ಎಣಿಸುವ ಕ್ಲೌಡ್ ದೈತ್ಯರ ಮೇಲೆ. ಆ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ 2009ರಿಂದ ಬೆಳೆದ ಈ ತಂತ್ರಾಂಶಕ್ಕೆ ಕೋಡ್ ಬರೆದುಕೊಟ್ಟ ಹೊರಗಿನವರು ಎಷ್ಟೋ ಮಂದಿ. ಅವರಲ್ಲಿ ಹಲವರಿಗೆ ಇದು ಕೈಕೊಟ್ಟಂತೆಯೇ ಅನಿಸಿತು. (ಬಿಎಸ್‌ಡಿಯಲ್ಲಿ ಹೀಗೆ ಪರವಾನಗಿ ಬದಲಿಸಲು ಅವಕಾಶವಿದೆ ಎಂಬುದೂ ನಿಜ, ಮೊದಲೇ ಓದಿಕೊಂಡವರು ಕಡಿಮೆ!)

2024ರ ಅದೇ ಮಾರ್ಚ್‌ನಲ್ಲಿ, ಮುಕ್ತ ತಂತ್ರಾಂಶಗಳನ್ನು ಪೋಷಿಸುವ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ, ರೆಡಿಸ್‌ನ 7.2.4ನೇ ಆವೃತ್ತಿಯಿಂದ ವಾಲ್ಕೀ ಎಂಬ ಕವಲು (ಅದೇ ಕೋಡಿನಿಂದ ಬೇರೆಯಾಗಿ ಬೆಳೆಯುವ ತಂತ್ರಾಂಶ) ಒಡೆಯಿತು. ಬೆನ್ನಿಗೆ ನಿಂತವರು ಅಮೆಜಾನ್, ಗೂಗಲ್, ಒರಾಕಲ್. ಯಾರನ್ನು ಹಿಡಿಯಲು ಬಲೆ ಬೀಸಿದ್ದರೋ ಅವರೇ ನುಣುಚಿಕೊಂಡರು. 2025ರ ಮೇ ತಿಂಗಳಲ್ಲಿ ರೆಡಿಸ್ 8ಕ್ಕೆ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆಯೂ ಸೇರಿತು. ಅದನ್ನು ಆರಿಸಿಕೊಂಡು, ರೆಡಿಸ್ ಕೋಡನ್ನು ತಿದ್ದಿ ಜಾಲದ ಮೂಲಕ ಜನರ ಬಳಕೆಗೆ ಬಿಡುವವರು ತಿದ್ದಿದ ಕೋಡನ್ನೂ ಅವರಿಗೆ ಒದಗಿಸಬೇಕು.

ಹೊಸದಾಗಿ ಆರಂಭಿಸುವುದಾದರೆ ನಾನು ವಾಲ್ಕೀ ಆರಿಸುತ್ತೇನೆ.