ಡ್ಯೂಟಿ ಮುಗಿಸಿ ಬಂದ ಮೇಲೆ ಓದೋದು ಯಾವಾಗ? ಮುಂದೇನು ಅಂತ ತೀರ್ಮಾನಿಸೋದು ಯಾವಾಗ?

ನರ್ಸಿಂಗ್ ಎರಡನೇ ವರ್ಷ, ಪುಸ್ತಕ ಹಿಡಿದರೆ ನಿದ್ದೆ, ಜೊತೆಗೆ ಐಸಿಯುಗೆ ಹೋಗಲಾ ಟೀಚಿಂಗಾ ಅನ್ನೋ ಚಿಂತೆ ಅಂತ ಕೇಳಿದ್ದೀರಿ. ನಾನೂ ಹಾಗೇ ಇದ್ದೆ. ಬಣ್ಣದ ಪೆನ್ನಲ್ಲಿ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ. ಮೂರನೇ ದಿನಕ್ಕೇ ಪೋಸ್ಟಿಂಗ್, ಅಂದರೆ ಡ್ಯೂಟಿಯ ವಾರ್ಡು, ಬದಲಾಯಿತು, ಅದು ಸುಮ್ನೆ ಗೋಡೆ ಮೇಲೆ ಉಳಿಯಿತು.

ಆಮೇಲೆ ಓದೋಕೆ ದಿನಕ್ಕೆ ಒಬ್ಬ ರೋಗಿಯ ಕೇಸ್ ಆರಿಸಿಕೊಂಡೆ. ಹಾರ್ಟ್ ಫೇಲ್ಯೂರ್ ಆದವರಿಗೆ ಫ್ಯೂರೋಸೆಮೈಡ್ ಅನ್ನೋ ಮೂತ್ರ ಹೆಚ್ಚಿಸುವ ಔಷಧಿ ಕೊಡುತ್ತಿದ್ದಾರೆ ಅಂದುಕೊಳ್ಳಿ. ಸಂಜೆ ಅದೊಂದನ್ನೇ ಓದಿ. ಮೂತ್ರ ಯಾಕೆ ಜಾಸ್ತಿ ಆಗುತ್ತದೆ, ಪೊಟ್ಯಾಸಿಯಂ ಯಾಕೆ ಇಳಿಯುತ್ತದೆ, ದಿನಾ ಬೆಳಿಗ್ಗೆ ತೂಕ ಯಾಕೆ ನೋಡುತ್ತಾರೆ. ಫಿಸಿಯಾಲಜಿ, ಫಾರ್ಮಕಾಲಜಿ, ಕೇರ್ ಪ್ಲಾನ್ ಮೂರೂ ಒಟ್ಟಿಗೆ ಆಗುತ್ತವೆ. ಮರುದಿನ ಪುಸ್ತಕ ತೆರೆಯದೆ ನೆನಪಿನಿಂದ ಬರೆದು ನೋಡಿ. ಡ್ರಿಪ್ ಲೆಕ್ಕ ಮಾತ್ರ ಬೇರೆ, ಅದು ದಿನಾ ಎರಡಾದರೂ ಬೇಕು. 1000 ಎಂಎಲ್, 8 ಗಂಟೆ, ಎಂಎಲ್‌ಗೆ 20 ಹನಿ ಬೀಳುವ ಡ್ರಿಪ್ ಸೆಟ್ ಅಂದರೆ ನಿಮಿಷಕ್ಕೆ ಸುಮಾರು 42 ಹನಿ. ಹೀಗೆ ಥಟ್ಟನೆ ಬರಬೇಕು.

ನೈಟ್ ಡ್ಯೂಟಿ ವಾರದಲ್ಲಿ ಓದುವ ಹಠ ಬಿಡಿ. 17 ಗಂಟೆ ಎದ್ದೇ ಇದ್ದರೆ ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟು ಮಂಕಾಗುತ್ತೇವೆ ಅಂತ ಪ್ರಯೋಗಗಳಲ್ಲೇ ಕಂಡಿದೆ. ಅಂಥ ತಲೆಗೆ ಏನು ಹತ್ತುತ್ತದೆ?

ಇನ್ನು ಮುಂದೇನು ಅನ್ನೋದು. ಪ್ರತಿ ಪೋಸ್ಟಿಂಗ್ ಮುಗಿದಾಗ ಎರಡು ಸಾಲು ಬರೆದಿಡಿ: ಯಾವ ಕೆಲಸದಲ್ಲಿ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ, ಯಾವುದು ಸಾಕುಸಾಕಾಯಿತು. ಎಲ್ಲರೂ ಐಸಿಯು ಅಂದರೆಂದು ನಾನೂ ಐಸಿಯು ಅನ್ನುತ್ತಿದ್ದೆ. ನನ್ನ ನೋಟ್‌ಬುಕ್ ನೋಡಿದರೆ ಅಲ್ಲಿ ಬರೀ ಅಲಾರಂ ಶಬ್ದದ ಗೋಳು! ಖುಷಿಯಿಂದ ಬರೆದಿದ್ದು ಡಿಸ್ಚಾರ್ಜ್ ಆಗುವವರಿಗೆ ಇನ್ಸುಲಿನ್ ಚುಚ್ಚಿಕೊಳ್ಳೋದು ಹೇಳಿಕೊಟ್ಟ ದಿನಗಳನ್ನು. ಈಗ ಅದೇ ನನ್ನ ಕೆಲಸ.

ಮೊದಲ ಕೆಲಸವೇ ಕೊನೆಯದು ಅಂತ ಹೆದರಬೇಡಿ. ಆದರೆ ಆರಾರು ತಿಂಗಳಿಗೆ ಹಾರಬೇಡಿ. ನರ್ಸ್‌ಗಳು ಪಳಗುವ ಐದು ಹಂತಗಳನ್ನು ಗುರುತಿಸಿದ ಪೆಟ್ರೀಶಿಯಾ ಬೆನ್ನರ್, ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಆದ ಮೇಲೆಯೇ ಮೂರನೇ ಹಂತ, ಅಂದರೆ ಸಮರ್ಥ ನರ್ಸ್ ಆಗೋದು, ಅನ್ನುತ್ತಾರೆ.

ಅಂದಹಾಗೆ, ವಾರ್ಡಿನಲ್ಲಿ ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್‌ಗೆ ಸಹಿ ಅದೇ ವಾರ ಹಾಕಿಸಿಕೊಳ್ಳಿ. ಒಂದು ಸಹಿಗಾಗಿ ನಾನು ಹಳೇ ವಾರ್ಡಿಗೆ ಮೂರು ಸಲ ಅಲೆದಿದ್ದೇನೆ.