ಡಾಕ್ಟರ ಫೀಸು ಇಳಿಸಿದರೆ ಪೊರೆ ಆಪರೇಷನ್ ಕಡಿಮೆ ಆಗುತ್ತಾ?

ಸರ್ಕಾರ ಫೀಸು ಇಳಿಸಿದರೆ ಕಣ್ಣಿನ ಪೊರೆ ಆಪರೇಷನ್‌ಗಳೂ ಕಡಿಮೆಯಾಗುತ್ತವಾ, ರೋಗಿಗೆ ದುಡ್ಡು ಉಳಿಯುತ್ತಾ ಅಂತ ಕೇಳಿದ್ದೀರಿ. ಈ ವಿಷಯವನ್ನು ನಾನು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಕಡಿತವಾದ ದುಡ್ಡನ್ನು ಡಾಕ್ಟರು ರೋಗಿಯಿಂದಲೇ ಕೇಳಬಹುದಾ? ಮೊದಲು ಅದನ್ನು ನೋಡಿ.

ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಇದೆ. 2020ರಲ್ಲಿ ಅದು ಸಾಮಾನ್ಯ ಪೊರೆ ಆಪರೇಷನ್‌ನ ಸರ್ಜನ್ ಫೀಸನ್ನು ಸುಮಾರು 15% ಇಳಿಸಿತು. 650 ಡಾಲರ್ ಆಸುಪಾಸಿನಲ್ಲಿದ್ದದ್ದು 557ರ ಹತ್ತಿರ ಬಂತು. ಮೆಡಿಕೇರ್ ರೋಗಿಯಿಂದ ಡಾಕ್ಟರು ಮನಸ್ಸಿಗೆ ಬಂದಷ್ಟು ಕೇಳುವಂತಿಲ್ಲ. ರೋಗಿಯ ಪಾಲು 20%. ಹಾಗಾಗಿ ಅವರಿಗೆ ಒಂದು ಕಣ್ಣಿಗೆ ಉಳಿದದ್ದು 20 ಡಾಲರ್‌ಗೂ ಕಡಿಮೆ. ಆಪರೇಷನ್ ಥಿಯೇಟರ್ ಚಾರ್ಜು ಸರ್ಜನ್ ಫೀಸಿಗಿಂತ ದೊಡ್ಡದು, ಅದರ ಲೆಕ್ಕವೇ ಬೇರೆ.

ಆಸ್ಟ್ರೇಲಿಯಾದ ಕಥೆ ಹೀಗಲ್ಲ. ಅಲ್ಲಿ ಫೀಸು ಎಷ್ಟು ಅಂತ ಡಾಕ್ಟರೇ ಇಡುತ್ತಾರೆ, ಸರ್ಕಾರ ರೋಗಿಗೆ ಒಂದು ಭಾಗ ವಾಪಸ್ ಕೊಡುತ್ತದೆ. 2009ರಲ್ಲಿ ಆ ಭಾಗವನ್ನೇ ಅರ್ಧಕ್ಕೆ ಇಳಿಸಲು ಹೊರಟರು. ಡಾಕ್ಟರು ಫೀಸು ಇಳಿಸದಿದ್ದರೆ ಉಳಿದ ಭಾರ ಪೂರ್ತಿ ವಯಸ್ಸಾದವರ ಜೇಬಿಗೆ ಬೀಳುತ್ತಿತ್ತು. ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ತಡೆಯಿತು, ಕೊನೆಗೆ ಅದಕ್ಕಿಂತ ಬಹಳ ಸಣ್ಣ ಕಡಿತಕ್ಕೆ ನಿಂತಿತು. ತಡೆದದ್ದು ಸರಿ ಅಂತಲೇ ನನಗನ್ನಿಸುತ್ತದೆ. ಕಣ್ಣು ಮಂಜಾದವರು ದುಡ್ಡಿಲ್ಲ ಅಂತ ಕಾಯಬಾರದು, ಅಲ್ವಾ?

ಇನ್ನು ಆಪರೇಷನ್‌ಗಳ ಸಂಖ್ಯೆ. ಇಷ್ಟಕ್ಕೆ ಯಾಕೆ ಮಾಡಲಿ ಅಂತ ಡಾಕ್ಟರು ಬೇರೆ ಕೆಲಸಕ್ಕೆ ತಿರುಗಬಹುದು. ಕಳೆದ ಆದಾಯ ತುಂಬಿಸಿಕೊಳ್ಳಲು ಜಾಸ್ತಿ ಆಪರೇಷನ್ ಮಾಡಲೂಬಹುದು. 1992ರಲ್ಲಿ ಮೆಡಿಕೇರ್ ಹೊಸ ಫೀಸು ಪಟ್ಟಿ ತಂದಾಗ ಸರ್ಕಾರದ ಲೆಕ್ಕಿಗರು ಎರಡನೆಯದನ್ನೇ ಊಹಿಸಿದ್ದರು. ಕಡಿತದ ಅರ್ಧದಷ್ಟು ಹೆಚ್ಚಿನ ಕೆಲಸದಿಂದ ವಾಪಸ್ ಬರುತ್ತದೆ ಅಂತ. ಪೊರೆಯ ವಿಷಯದಲ್ಲಿ ನಾನು ಇದನ್ನು ಅಷ್ಟು ಒಪ್ಪುವುದಿಲ್ಲ. ಒಂದು ಕಣ್ಣಿನ ಪೊರೆ ತೆಗೆಯುವುದು ಒಂದೇ ಸಲ. ಇನ್ನೂ ಬಲಿಯದ ಪೊರೆಯನ್ನು ಬೇಗ ತೆಗೆಸಿಕೊಳ್ಳಿ ಅನ್ನಬಹುದು, ಅಷ್ಟೆ.

ನನಗೆ ಹೆಚ್ಚು ಚಿಂತೆ ಪೊರೆ ತೆಗೆದ ಮೇಲೆ ಕಣ್ಣೊಳಗೆ ಹಾಕುವ ಲೆನ್ಸಿನದ್ದು. ಹತ್ತಿರದ್ದೂ ದೂರದ್ದೂ ಕಾಣುವ ದುಬಾರಿ ಲೆನ್ಸಿಗೆ ರೋಗಿಯಿಂದ ಜಾಸ್ತಿ ದುಡ್ಡು ತೆಗೆದುಕೊಳ್ಳಲು ಮೆಡಿಕೇರ್ 2005ರಿಂದ ಬಿಟ್ಟಿದೆ. ಮೂಲ ಫೀಸು ಇಳಿದಷ್ಟೂ ಅದನ್ನೇ ಹಾಕಿಸಿ ಅನ್ನುವ ಆಸೆ ಬೆಳೆಯುತ್ತದೆ. ಸರ್ಕಾರ ಉಳಿಸಿದ್ದನ್ನು ರೋಗಿ ಬೇರೆ ಬಾಗಿಲಲ್ಲಿ ಕೊಡಬೇಕಾಗುತ್ತದೆ.

ಇನ್ನೊಂದು ಮಾತು. 2019 ಮತ್ತು 2020ರ ಅಂಕಿ ಪಕ್ಕಪಕ್ಕ ಇಟ್ಟು ಫೀಸಿನಿಂದಲೇ ಆಪರೇಷನ್ ಕುಸಿಯಿತು ಅಂತ ಯಾರಾದರೂ ತೋರಿಸಿದರೆ ನಂಬಬೇಡಿ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ತುರ್ತಿಲ್ಲದ ಆಪರೇಷನ್‌ಗಳೆಲ್ಲ ನಿಂತಿದ್ದವು.