ಹಳೇ ರೋಡಿನ ತಂಗುದಾಣವನ್ನು ಹೊಸ ಹೈವೇ ಪಕ್ಕದ ಗದ್ದೆಗೆ ಸಾಗಿಸಬಹುದಾ?

ಬೈಪಾಸ್ ಆದ ಮೇಲೆ ಗಾಡಿ ನಿಲ್ಲುತ್ತಿಲ್ಲ, ಹೊಸ ಹೈವೇ ಪಕ್ಕ ನಿಮ್ಮದೇ ಗದ್ದೆ ಇದೆ, ಭೂಪರಿವರ್ತನೆ ಬೇಗ ಮಾಡಿಸುವುದು ಹೇಗೆ ಅಂತ ಕೇಳಿದ್ದೀರಿ. 'ಬೇಗ' ಅನ್ನುವ ಪದ ನೋಡಿಯೇ ನಾನು ಬರೆಯಲು ಕೂತಿದ್ದು. ನನಗೂ ಬೇಗ ಆಗಬೇಕಿತ್ತು.

ನಮ್ಮದು ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಹಳೇ ಬೆಂಗಳೂರು–ಮೈಸೂರು ರಸ್ತೆಯ ಪಕ್ಕ 22 ಗುಂಟೆ ಜಾಗ. ಎರಡು ಹುಣಸೆ ಮರ, ನಾಲ್ಕು ಶೌಚಾಲಯ, ಕೈಕಾಲು ತೊಳೆಯಲು ಒಂದು ತೊಟ್ಟಿ, ಲಾರಿಯವರು ಮಲಗಲು ಹಗ್ಗದ ಮಂಚ, ಒಂದು ಟೀ ಒಲೆ. ಅಪ್ಪ ಇದನ್ನು ಹೋಟೆಲ್ ಅಂತ ಯಾವತ್ತೂ ಕರೆಯಲಿಲ್ಲ. 'ನಿಲ್ದಾಣ' ಅನ್ನುತ್ತಿದ್ದರು. ಹೊಸ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ ಅಂತ ಗೊತ್ತಾದಾಗ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನಾನೇ ಹೇಳಿದೆ, ಬೈಪಾಸಿಗೆ ಅಂಟಿಕೊಂಡೇ ನಮ್ಮ ಗದ್ದೆ ಇದೆಯಲ್ಲ, ಅಲ್ಲಿಗೆ ಹೋಗೋಣ ಅಂತ. ರಸ್ತೆಗೆ 12 ಗುಂಟೆ ಹೋಗಿ 1 ಎಕರೆ 8 ಗುಂಟೆ ಉಳಿದಿತ್ತು. ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ತರಿ ಜಮೀನು.

2022ರ ಫೆಬ್ರವರಿಯಲ್ಲಿ ಅರ್ಜಿ ಹಾಕಿದೆವು. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಸೆಕ್ಷನ್ 95ರಲ್ಲಿ ಜಿಲ್ಲಾಧಿಕಾರಿಯ ಅನುಮತಿ ಬೇಕಿತ್ತು. ನಮ್ಮೂರ ಕಡೆ ಎಲ್ಲರೂ ಇದಕ್ಕೆ ಡಿಸಿ ಕನ್ವರ್ಷನ್ ಅಂತಾರೆ. ಪಹಣಿ, ಅಂದರೆ ಜಮೀನಿನ ಹಕ್ಕಿನ ದಾಖಲೆ, ಅಪ್ಪ ಮತ್ತು ಚಿಕ್ಕಪ್ಪನ ಹೆಸರಲ್ಲಿ ಜಂಟಿಯಾಗಿತ್ತು, ಪೋಡಿ ಆಗಿರಲಿಲ್ಲ, ಅಂದರೆ ಅಳೆದು ಪಾಲು ಬೇರೆ ಮಾಡಿರಲಿಲ್ಲ. ಹಾಗಾಗಿ 11ಇ ನಕ್ಷೆ (ನಮ್ಮ ಪಾಲನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ತನ್ನಿ ಅಂತ ಏಪ್ರಿಲ್‌ನಲ್ಲಿ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂತು. ಸರ್ವೇಯರ್‌ಗೆ ದುಡ್ಡು ಕಟ್ಟಿ ಕಾಯುತ್ತಾ ಕೂತೆವು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಪೂರ್ತಿ ಓದಿ. ನಿಮ್ಮ ಹತ್ತಿರವೂ ಒಬ್ಬ ಬಂದು ಇದೇ ಮಾತು ಹೇಳುತ್ತಾನೆ, ಬರೆದಿಟ್ಟುಕೊಳ್ಳಿ.

ಆಗ ರಸ್ತೆ ಕೆಲಸ ನಡೆಯುತ್ತಿತ್ತು. ಟಿಪ್ಪರ್ ಓಡಿಸುವವರೊಬ್ಬರು ಪರಿಚಯ. ಜೂನ್‌ನಲ್ಲಿ ಬಂದು ಹೇಳಿದರು, "ಅಣ್ಣ, ಮಣ್ಣು ಹತ್ತಿರದಲ್ಲೇ ಐತೆ, ಬರೀ ಬಾಡಿಗೆ ಕೊಡಿ ಸಾಕು. ಅರ್ಜಿ ಹಾಕಿ ನಾಲ್ಕು ತಿಂಗಳಾಯ್ತಲ್ಲ, ಆರ್ಡರ್ ಆದಂಗೇ ಲೆಕ್ಕ." ಅವರು ಸುಮ್ನೆ ಹೇಳಿದ್ದಲ್ಲ. ಅರ್ಜಿ ತಲುಪಿ 4 ತಿಂಗಳಲ್ಲಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಕೊಟ್ಟಂತೆ ಅನ್ನುವ ಮಾತು ಸೆಕ್ಷನ್ 95ರಲ್ಲೇ ಇತ್ತು. ನಾನೂ ಓದಿದ್ದೆ. ಆದರೆ ಅದು ಏನನ್ನೂ ತಿಳಿಸದೆ ಸುಮ್ಮನಿದ್ದಾಗ. ನನಗೆ ಏಪ್ರಿಲ್‌ನಲ್ಲೇ ಹಿಂಬರಹ ಬಂದಿತ್ತು. ಕಡತ ಅಪೂರ್ಣ ಅಂತ ನನ್ನ ಕೈಗೇ ವಾಪಸ್ ಬಂದಿತ್ತು. ಅವರು ಕೇಳಿದ ನಕ್ಷೆ ಕೊಡದೆ ನಾನು ಫೆಬ್ರವರಿಯಿಂದ ದಿನ ಎಣಿಸಿದೆ. ಆ ಹಿಂಬರಹ ನಮ್ಮ ಮನೆಯ ಟಿವಿ ಪಕ್ಕದಲ್ಲೇ ಇತ್ತು.

ಮೂರು ದಿನ ಟಿಪ್ಪರ್ ಓಡಿತು. ಗದ್ದೆಯ ಮೇಲೆ ನಾಲ್ಕು ಅಡಿ ಮಣ್ಣು, ಅದರ ಮೇಲೆ ಮುಂಭಾಗಕ್ಕೆ ಜಲ್ಲಿ. ನೋಡಲು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪನನ್ನು ಕರೆದುಕೊಂಡು ಹೋಗಿ ಲಾರಿ ಎಲ್ಲಿ ನಿಲ್ಲಬೇಕು, ಶೌಚಾಲಯ ಎಲ್ಲಿ ಅಂತ ಹೆಜ್ಜೆ ಹಾಕಿ ತೋರಿಸಿದೆ. ಅಪ್ಪ ಒಂದೇ ಮಾತು ಕೇಳಿದರು, "ಬಸಿಗಾಲುವೆ ಎಲ್ಲೋಯ್ತು?"

ನಮ್ಮ ಗದ್ದೆಯ ಪಶ್ಚಿಮದ ಬದುವಿನ ಕೆಳಗೆ ಒಂದು ಬಸಿಗಾಲುವೆ ಇತ್ತು. ಎರಡು ಅಡಿ ಅಗಲ, ಹುಲ್ಲು ಬೆಳೆದು ಮುಚ್ಚಿಹೋಗಿತ್ತು. ಮೇಲಿನ ಆರೇಳು ಗದ್ದೆಗಳ ಹೆಚ್ಚಾದ ನೀರು ಅದರಲ್ಲೇ ಇಳಿದು ಹಳ್ಳ ಸೇರಬೇಕು. ಪೈಪ್ ಹಾಕಿದರಾಯ್ತು ಬಿಡಿ ಅಂದೆ. ಪೈಪ್ ಹಾಕಲಿಲ್ಲ. ಆರ್ಡರ್ ಬಂದ ಮೇಲೆ ಎಲ್ಲಾ ಒಟ್ಟಿಗೆ ಮಾಡಿಸೋಣ ಅಂತ ಬಿಟ್ಟೆ.

ನಾಲೆಗೆ ನೀರು ಬಿಟ್ಟರು. ಆಗಸ್ಟ್ ಮೊದಲ ವಾರ ಮೇಲಿನವರೆಲ್ಲ ನಾಟಿ ಹಾಕಿದರು. ತಿಂಗಳ ಕೊನೆಗೆ ಮಳೆ ಹಿಡಿಯಿತು. ಅದೇ ಮಳೆಗೆ ರಾಮನಗರದ ಹತ್ತಿರ ಹೊಸ ಹೈವೇ ಮೇಲೇ ನೀರು ನಿಂತಿದ್ದು ನಿಮಗೂ ನೆನಪಿರಬಹುದು. ನಮ್ಮ ಮೇಲಿನ ಗದ್ದೆಯವರು ಒಬ್ಬ ವಯಸ್ಸಾದ ಹೆಂಗಸು. ನಾನು ಚಿಕ್ಕವನಿದ್ದಾಗಿನಿಂದ ದೊಡ್ಡವ್ವ ಅಂತಲೇ ಕರೆಯುವುದು. ಬೆಳಗ್ಗೆ ಏಳಕ್ಕೆ ಮನೆ ಹತ್ತಿರ ಬಂದು, ಬೈಯಲಿಲ್ಲ, "ಬಾ ಮಗ" ಅಂದು ಕರೆದುಕೊಂಡು ಹೋದರು. ಮೊಣಕಾಲುದ್ದ ನೀರು. ಸೆರಗು ಎತ್ತಿ ಸಿಕ್ಕಿಸಿಕೊಂಡು ಇಳಿದು, ಒಂದು ಹಿಡಿ ಪೈರು ಕಿತ್ತು ನನ್ನ ಕೈಗೆ ಕೊಟ್ಟರು. ಗರಿ ಹಳದಿ ತಿರುಗಿತ್ತು. ಬೇರು ಕಪ್ಪಾಗಿ ಕೈಗೆ ಅಂಟುತ್ತಿತ್ತು, ಕೊಳೆತ ವಾಸನೆ. "ಈ ನೀರು ಎಲ್ಲಿಗ್ ಹೋಗ್ಬೇಕು, ನೀನೇ ಹೇಳು ಮಗ" ಅಂದರು. ಅವರ ಗದ್ದೆಯ ಅಂಚಿನಲ್ಲಿ ನನ್ನ ನಾಲ್ಕು ಅಡಿ ಮಣ್ಣು ಗೋಡೆಯ ಹಾಗೆ ನಿಂತಿತ್ತು.

ಮೂರು ಜನ ಸೇರಿ ತಕರಾರು ಅರ್ಜಿ ಕೊಟ್ಟರು. ಕೊಡಬೇಕಾದದ್ದೇ. ಸ್ಥಳ ನೋಡಲು ಬಂದವರು ಗ್ರಾಮ ನಕ್ಷೆ ಬಿಚ್ಚಿ ಟಿಪ್ಪರ್ ಮಣ್ಣಿನ ಮೇಲೇ ಹರಡಿದರು. ಮಹಜರಿನಲ್ಲಿ, ಅಂದರೆ ಸ್ಥಳ ಪರಿಶೀಲನೆಯ ವರದಿಯಲ್ಲಿ, ಎರಡು ಸಾಲು ಬರೆದರು: ಅನುಮತಿಗೆ ಮೊದಲೇ ಕೃಷಿಯೇತರ ಬಳಕೆ ಆಗಿದೆ, ಮತ್ತು ಬ ಖರಾಬು ಮುಚ್ಚಲಾಗಿದೆ.

ಈ ಎರಡನೆಯದನ್ನು ವಿವರಿಸಲೇಬೇಕು. ನಿಮ್ಮ ಪಹಣಿ ತೆಗೆಯಿರಿ. ವಿಸ್ತೀರ್ಣ ಬರೆದ ಕಡೆ ಖರಾಬು ಅ, ಖರಾಬು ಬ ಅಂತ ಬೇರೆ ಬೇರೆ ಇರುತ್ತದೆ. ಅ ಅಂದರೆ ಬೇಸಾಯಕ್ಕೆ ಬಾರದ ಜಾಗ, ಬಂಡೆ, ಕಣ, ಇಂಥದ್ದು. ಬ ಅಂದರೆ ಸಾರ್ವಜನಿಕರಿಗೆ ಬಿಟ್ಟ ಜಾಗ. ದಾರಿ, ಹಳ್ಳ, ಕಾಲುವೆ. ನಿಮ್ಮ ಸರ್ವೆ ನಂಬರಿನ ಒಳಗೇ ಇದ್ದರೂ ಅದು ನಿಮ್ಮದಲ್ಲ. ನಮ್ಮ ಪಹಣಿಯಲ್ಲಿ ಬ ಎದುರಿಗೆ 0-02 ಅಂತ ಇತ್ತು. ಎರಡು ಗುಂಟೆ. ಆ ಪಹಣಿಯನ್ನು ಸಾಲಕ್ಕೆ, ಬೆಳೆ ವಿಮೆಗೆ, ಅರ್ಜಿಗೆ ಅಂತ ಹತ್ತು ಸಲವಾದರೂ ಜೆರಾಕ್ಸ್ ಮಾಡಿಸಿದ್ದೇನೆ. ಒಂದು ಸಲವೂ ಆ ಎರಡು ಗುಂಟೆ ಎಲ್ಲಿದೆ ಅಂತ ಕೇಳಲಿಲ್ಲ. ಬಸಿಗಾಲುವೆ ನಾವು ತೋಡಿಕೊಂಡದ್ದು ಅಂತಲೇ ತಿಳಿದಿದ್ದೆ. ಗ್ರಾಮ ನಕ್ಷೆಯಲ್ಲಿ ಅದು ಗೆರೆಯಾಗಿ ಹಳ್ಳದವರೆಗೂ ಎಳೆದಿತ್ತು.

ಮಣ್ಣು ತುಂಬಲು 2 ಲಕ್ಷ 40 ಸಾವಿರ ಆಗಿತ್ತು. ತೆಗೆಸಲು 3 ಲಕ್ಷ 10 ಸಾವಿರ, ಯಾಕೆಂದರೆ ಒದ್ದೆ ಮಣ್ಣು, ಹಾಕಲು ಜಾಗ ನಾವೇ ಹುಡುಕಬೇಕು. ಅದರ ಮೇಲೆ ದಂಡ. ದೊಡ್ಡವ್ವನಿಗೂ ಇನ್ನಿಬ್ಬರಿಗೂ ಆ ವರ್ಷದ ಬೆಳೆ ಕಟ್ಟಿಕೊಟ್ಟೆವು. ಅದನ್ನು ಯಾರೂ ಆದೇಶ ಮಾಡಲಿಲ್ಲ, ಅಪ್ಪನೇ ಹೋಗಿ ಕೊಟ್ಟು ಬಂದರು. ನಮ್ಮ ಕನ್ವರ್ಷನ್ ಅರ್ಜಿ ವಾಪಸ್ ತೆಗೆದುಕೊಂಡೆವು.

ಇನ್ನು ನಿಮ್ಮ ಪ್ರಶ್ನೆ. ನನ್ನ ಪ್ರಕಾರ ನೀವು ಕೇಳಿದ ಪ್ರಶ್ನೆಯೇ ತಪ್ಪು. ಕನ್ವರ್ಷನ್ ಆಗುತ್ತಾ ಅನ್ನುವುದು ಆಮೇಲಿನ ಮಾತು. ಗಾಡಿ ನಿಮ್ಮ ಗದ್ದೆಗೆ ಇಳಿಯುತ್ತಾ ಅನ್ನುವುದು ಮೊದಲು. ಹೊಸ ಹೈವೇಯ ಮುಖ್ಯ ರಸ್ತೆಗೆ ಬೇಲಿ ಇದೆ, ಗೊತ್ತು ಮಾಡಿದ ಕಡೆ ಮಾತ್ರ ಹತ್ತಬೇಕು, ಇಳಿಯಬೇಕು. ಕಾರು ನಿಮ್ಮ ಜಮೀನಿನ ಮುಂದೆಯೇ 100ರಲ್ಲಿ ಹೋಗುತ್ತದೆ, ಆದರೆ ಬೇಲಿ ಹಾರಿ ಬರಲು ಆಗಲ್ಲ ಅಲ್ವಾ? ಬೇಲಿ ಒಡೆದು ದಾರಿ ಮಾಡಿಕೊಳ್ಳೋಣ ಅನ್ನುವವರ ಮಾತು ಕೇಳಬೇಡಿ, ಜೀವ ಹೋಗುತ್ತದೆ. ನಿಮ್ಮ ಜಾಗ ಸರ್ವಿಸ್ ರೋಡಿಗೆ ಇದ್ದರೂ ಹೆದ್ದಾರಿ ಇಲಾಖೆಯಿಂದ ಪ್ರವೇಶದ ಅನುಮತಿ ಬೇರೆಯೇ ತೆಗೆದುಕೊಳ್ಳಬೇಕು. ಕನ್ವರ್ಷನ್ ಆರ್ಡರ್ ತೋರಿಸಿದ ಮಾತ್ರಕ್ಕೆ ಅದು ಸಿಗುವುದಿಲ್ಲ. ಊರಾಚೆ ರಾಷ್ಟ್ರೀಯ ಹೆದ್ದಾರಿಗೆ ಸಾಮಾನ್ಯವಾಗಿ ರಸ್ತೆ ಮಧ್ಯದಿಂದ 40 ಮೀಟರ್ ಒಳಗೆ ಕಟ್ಟಡ ಕಟ್ಟಬಾರದು ಅನ್ನುವ ಲೆಕ್ಕವೂ ಇದೆ. 1 ಎಕರೆಯಲ್ಲಿ ಎಷ್ಟು ಉಳಿಯುತ್ತದೆ ಅಂತ ಟೇಪ್ ಹಿಡಿದು ಅಳೆದು ನೋಡಿ. ನಮ್ಮ ಗದ್ದೆ ಇರುವ ಕಡೆ ಸರ್ವಿಸ್ ರೋಡೇ ಬರಲಿಲ್ಲ. ಅಂದರೆ ಕಾಲುವೆ ತಕರಾರು ಇಲ್ಲದೆ, ಎಲ್ಲಾ ಕಾಗದ ಸರಿಯಾಗಿ ಆರ್ಡರ್ ಬಂದಿದ್ದರೂ ನಮ್ಮ ನಿಲ್ದಾಣಕ್ಕೆ ಒಂದು ಲಾರಿಯೂ ಬರುತ್ತಿರಲಿಲ್ಲ. ಇದು ನನಗೆ ಗೊತ್ತಾಗಿದ್ದು ಮಣ್ಣು ತೆಗೆಸಿದ ಮೇಲೆ.

ನಿಮ್ಮ ಜಮೀನು ಮಾಸ್ಟರ್ ಪ್ಲಾನ್ (ಯಾವ ಜಾಗ ಯಾವ ಬಳಕೆಗೆ ಅಂತ ಗೊತ್ತು ಮಾಡುವ ಯೋಜನೆ) ವ್ಯಾಪ್ತಿಯಲ್ಲಿದ್ದರೆ ಅದರಲ್ಲಿ ನಿಮ್ಮ ಸರ್ವೆ ನಂಬರ್ ಯಾವ ವಲಯಕ್ಕೆ ಬಿದ್ದಿದೆ ನೋಡಿ. ಕೃಷಿ ವಲಯ ಅಂತ ಇದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಭೂ ಉಪಯೋಗ ಬದಲಾವಣೆ ಮೊದಲು ಆಗಬೇಕು. ಶ್ರೀರಂಗಪಟ್ಟಣದ ಸುತ್ತ ಅಂತ ಬರೆದಿದ್ದೀರಿ, ಅಲ್ಲಿ ಸಂರಕ್ಷಿತ ಸ್ಮಾರಕಗಳು ಜಾಸ್ತಿ. ಅವುಗಳಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅಲ್ಲಿಂದಾಚೆ 200 ಮೀಟರ್‌ವರೆಗೆ ಅನುಮತಿ ಬೇಕು.

2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಎಲ್ಲಾ ಸಲೀಸು ಅಂತ ನಿಮ್ಮ ಪಾರ್ಟ್‌ನರ್ ಹೇಳಿದರು ಅಂದಿರಿ. ಅದು ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅನ್ನುವುದಕ್ಕೆ. ಕೊಂಡ ಗದ್ದೆಯಲ್ಲಿ ಲಾರಿ ನಿಲ್ಲಿಸಬಹುದು ಅನ್ನುವುದಕ್ಕಲ್ಲ.

ನನ್ನ ಮಾತು ಇಷ್ಟು: ನಾಲೆ ನೀರು ಬರುವ ಗದ್ದೆಯನ್ನು ಇದಕ್ಕೆ ಮುಟ್ಟಬೇಡಿ. ಕಟ್ಟಲೇಬೇಕು ಅಂದರೆ ಸರ್ವಿಸ್ ರೋಡಿಗೆ ಮುಖ ಇರುವ ಖುಷ್ಕಿ (ನಾಲೆ ನೀರಿಲ್ಲದ, ಮಳೆ ನಂಬಿದ) ಜಮೀನು ಬಾಡಿಗೆಗೆ ಹುಡುಕಿ. ಎಲ್ಲಕ್ಕಿಂತ ಮುಖ್ಯ, ಹಳೇ ಜಾಗಕ್ಕೆ ಬೀಗ ಹಾಕಬೇಡಿ.

2023ರ ಮಾರ್ಚ್ 12ಕ್ಕೆ ಹೊಸ ರಸ್ತೆ ಉದ್ಘಾಟನೆ ಆಯ್ತು. ಮೊದಲ ಮೂರು ತಿಂಗಳು ನಮ್ಮ ನಿಲ್ದಾಣದಲ್ಲಿ ದಿನಕ್ಕೆ ಎರಡು ಲೀಟರ್ ಹಾಲೂ ಖರ್ಚಾಗಲಿಲ್ಲ. ಅಪ್ಪ ಆದರೂ ಬೆಳಗ್ಗೆ ಐದಕ್ಕೆ ಹೋಗಿ ಒಲೆ ಹಚ್ಚುತ್ತಿದ್ದರು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಹೈವೇಯ ಮುಖ್ಯ ರಸ್ತೆಗೆ ಬಿಡುವುದು ನಿಲ್ಲಿಸಿದರು. ಅವರೆಲ್ಲ ಹಳೇ ರೋಡಿಗೇ ಬಂದರು. ಬೆಂಗಳೂರಿಂದ ಮೈಸೂರಿಗೆ ಬೈಕಲ್ಲಿ ಹೋಗುವ ಹುಡುಗರು, ಊರಿಂದೂರಿಗೆ ಹೋಗುವ ಆಟೊದವರು, ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರ್‌ನವರು. ಕಬ್ಬಿನವರು ರಾತ್ರಿಯೆಲ್ಲ ಸಾಲು ನಿಂತು ಬಂದಿರುತ್ತಾರೆ, ಅವರಿಗೆ ಊಟಕ್ಕಿಂತ ಮೊದಲು ನೀರು ಮತ್ತು ಶೌಚಾಲಯ ಬೇಕು. ಲಾರಿ ಇದ್ದಾಗಿನಷ್ಟು ವ್ಯಾಪಾರ ಇಲ್ಲ, ಅರ್ಧಕ್ಕಿಂತ ಸ್ವಲ್ಪ ಮೇಲಿದೆ. ಬೈಕ್ ನಿಲ್ಲಿಸಲು ನೆರಳು ಜಾಸ್ತಿ ಬೇಕು ಅಂತ ಒಂದು ಶೀಟ್ ಇಳಿಸಿದೆವು, ಹೆಂಗಸರಿಗೆ ಇನ್ನೆರಡು ಶೌಚಾಲಯ ಕಟ್ಟಿದೆವು. ನಾವು ಮಾಡಿದ ಬದಲಾವಣೆ ಅಷ್ಟೇ. ಮಣ್ಣಿಗೆ ಸುರಿದ ದುಡ್ಡಿನ ಕಾಲು ಭಾಗದಲ್ಲಿ ಇದೆಲ್ಲ ಮುಗಿಯಿತು.

ಗದ್ದೆಗೆ ಈಗ ಮತ್ತೆ ಭತ್ತ ಹಾಕುತ್ತಿದ್ದೇವೆ. ಟಿಲ್ಲರ್ ಹೊಡೆಯುವಾಗ ಈಗಲೂ ಜಲ್ಲಿ ಸಿಗುತ್ತದೆ, ಬುಟ್ಟಿ ತುಂಬ ಆಯ್ದು ಬದುವಿಗೆ ಹಾಕುತ್ತೇನೆ. ಬಸಿಗಾಲುವೆಯನ್ನು ಹಳ್ಳದವರೆಗೂ ನಾನೇ ತೋಡಿಸಿಕೊಟ್ಟೆ.

ನೀವು ಇನ್ನೂ ಅರ್ಜಿ ಹಾಕಿಲ್ಲ ಅಂದಿದ್ದೀರಿ, ಒಳ್ಳೆಯದಾಯ್ತು. ನಾಲೆಗೆ ನೀರು ಬಿಟ್ಟ ಮೇಲೆ ಒಂದು ಬೆಳಗ್ಗೆ ಗ್ರಾಮ ನಕ್ಷೆ ಹಿಡಿದು ನಿಮ್ಮ ಗದ್ದೆಗೆ ಹೋಗಿ. ಮೇಲಿನ ಗದ್ದೆಯವರನ್ನೂ ಕರೆಯಿರಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಇಳಿಯುತ್ತದೆ ಅಂತ ಅವರೇ ತೋರಿಸುತ್ತಾರೆ.